ಫೂಟ್ ಖರಾಬು ಎಷ್ಟು ಗುಂಟೆ?

ನಮ್ಮ ಮನೆಯಲ್ಲಿ ಕಂಪ್ಯೂಟರ್ ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೇ ಬರಲಿ, ಎಲ್ಲದಕ್ಕೂ ಒಂದೇ ಮದ್ದು: ಓಕೆ ಒತ್ತು. ಅಪ್ಪನ ರೂಢಿಯೂ ಅದೇ, ನನ್ನದೂ ಅದೇ. ಅಪ್ಪನಿಗಾದರೆ ವಯಸ್ಸಾಗಿದೆ. ನಾನು ದಿನವಿಡೀ ಕೊಪ್ಪಳದ ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯೊಂದರ ಟ್ಯಾಲಿ ಮುಂದೆ ಕೂತು ಲೆಕ್ಕ ಬರೆಯುವವಳು. ನನಗಾದರೂ ಬುದ್ಧಿ ಬೇಡವಾ?

2025ರ ಮಾರ್ಚ್‌ನಲ್ಲಿ ಶುರುವಾದ ಕಾಟ ಇದು, ಮುಗಿಯುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಇವತ್ತು ತೆರೆದ ಫೈಲು ನಾಳೆ ತೆರೆಯುವುದಿಲ್ಲ. ನಾಳೆ ತೆರೆಯದ್ದು ನಾಡಿದ್ದು ತೆರೆಯುತ್ತದೆ. ಫೈಲು ಯಾವುದೋ ಆಗಿದ್ದರೆ ಬಿಟ್ಟುಬಿಡುತ್ತಿದ್ದೆವು. ಇವು ಅಪ್ಪನ ಹೊಲದ ಹೆಸರಿನ ಫೈಲುಗಳು.

ಅಪ್ಪ ಗ್ರಾಮ ಲೆಕ್ಕಿಗನಾಗಿ ರಿಟೈರ್ ಆದವನು. ಕೊಪ್ಪಳ ಸೀಮೆಯ ಹತ್ತಾರು ಊರು ತಿರುಗಿದ್ದಾನೆ. ಕೈಬರಹದ ಪಹಣಿ ಬರೆದಿದ್ದಾನೆ, 2000ದ ಆಸುಪಾಸಿನಲ್ಲಿ ‘ಭೂಮಿ’ ಬಂದು ಎಲ್ಲಾ ಕಂಪ್ಯೂಟರಿಗೆ ಹೋದದ್ದನ್ನೂ ನೋಡಿದ್ದಾನೆ. ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಹಿಸ್ಸಾ ಇರುತ್ತದೆ, ಎಕರೆ ಗುಂಟೆ ಇರುತ್ತದೆ. ಹೊಲದ ಹೆಸರು ಮಾತ್ರ ಇರುವುದಿಲ್ಲ. ಆದರೆ ಊರಲ್ಲಿ ಯಾರಾದರೂ ಬುತ್ತಿ ಕಟ್ಟಿಕೊಂಡು ‘ನೂರಾ ಹನ್ನೆರಡು ಬಾರ್ ಎರಡಕ್ಕ ಹೊಂಟೀನಿ’ ಅಂತ ಹೋಗುತ್ತಾರಾ? ಹುಣಸಿಗಿಡದ ಹೊಲ, ಹಳ್ಳದ ಪಟ್ಟಿ, ಕಣದ ಮಸಾರಿ, ಮೂಗಬಸಪ್ಪನ ಎರಿ. ಒಂದು ಊರಲ್ಲಿ ‘ಸಾಲಕ್ಕ ಹೋದ ಹೊಲ’ ಅಂತಲೇ ಒಂದಿದೆಯಂತೆ. ಸಾಲ ತೀರಿ, ಹೊಲ ತಿರುಗಿ ಬಂದು ಎರಡು ತಲೆಮಾರು ಕಳೆದರೂ ಹೆಸರು ಹಾಗೇ ಉಳಿದಿದೆ. ಅಪ್ಪ ಅವನ್ನೆಲ್ಲ ‘ನುಡಿ’ ಅನ್ನುವ ಕನ್ನಡ ತಂತ್ರಾಂಶ ಬಳಸಿ ಎರಡು ಬೆರಳಿನಿಂದ ಕುಟ್ಟಿ ಕುಟ್ಟಿ ಸೇರಿಸಿದ್ದ. ಊರಿಗೊಂದು ಫೈಲು, ಒಟ್ಟು ಹದಿನಾಲ್ಕು ಊರು.

ಮಾರ್ಚ್‌ನಲ್ಲಿ ಕಂಪ್ಯೂಟರ್ ತುಂಬಾ ನಿಧಾನವಾಯಿತು. ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಎಸ್‌ಎಸ್‌ಡಿ ಅನ್ನುವ ವೇಗದ ಹೊಸ ಡಿಸ್ಕು ಕೂರಿಸಿದ, ಅದಕ್ಕೆ ವಿಂಡೋಸ್ 10 ಹಾಕಿದ. ಹಳೆಯ 1 ಟಿಬಿ ಹಾರ್ಡ್ ಡಿಸ್ಕನ್ನು ಹಾಗೇ ಒಳಗೆ ಬಿಟ್ಟು, ‘ನಿಮ್ಮ ಡಾಟಾ ಎಲ್ಲಾ ಅದರಾಗ ಐತ್ರಿ’ ಅಂದ. ವಿಂಡೋಸ್ 10ಕ್ಕೆ ಅದೇ ವರ್ಷ ಅಕ್ಟೋಬರ್ 14ಕ್ಕೆ ಕಂಪನಿಯ ಬೆಂಬಲ ಮುಗಿಯಲಿತ್ತು. ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾಕೆ ನಿಧಾನವಾಗಿತ್ತು ಅಂತಲೂ ಇಬ್ಬರಿಗೂ ಯೋಚನೆ ಬರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಮನೆಗೆ ತಂದು ಹಚ್ಚಿದ ಮೊದಲ ದಿನವೇ ಅಪ್ಪನ ಫೋಲ್ಡರ್ ಮುಂದೆ ಒಂದು ಚೌಕ ಬಂತು. ಈ ಫೋಲ್ಡರ್ ತೆರೆಯಲು ಸದ್ಯ ನಿಮಗೆ ಅನುಮತಿ ಇಲ್ಲ, ಕಾಯಂ ಅನುಮತಿ ಬೇಕಿದ್ದರೆ ಕಂಟಿನ್ಯೂ ಒತ್ತಿ ಅಂತ. ಒತ್ತಿದೆ. ಮೇಲೆ ಹಸಿರು ಗೆರೆ ಓಡಿತು, ಓಡಿತು, ಓಡುತ್ತಲೇ ಇತ್ತು. ಅರ್ಧ ಗಂಟೆಯಾದ ಮೇಲೆ ನಿಂತಿತು. ಕೆಲವು ಫೈಲು ತೆರೆದವು, ಕೆಲವು ಬಾಗಿಲು ಹಾಕಿಕೊಂಡೇ ಕೂತವು.

‘ನನ್ನ ಫೈಲು ನನಗs ತೋರ್ಸವಲ್ದು ನೋಡಬೇ’ ಅಂದ ಅಪ್ಪ.

ಅಂಗಡಿಯವನಿಗೆ ಫೋನ್ ಮಾಡಿದರೆ ವೈರಸ್ ಅಂದ. ನಮ್ಮಲ್ಲಿ ಮಕ್ಕಳು ಅತ್ತರೆ ದೃಷ್ಟಿ, ಕಂಪ್ಯೂಟರ್ ಅತ್ತರೆ ವೈರಸ್. ದುಡ್ಡು ಕೊಟ್ಟು ಆ್ಯಂಟಿವೈರಸ್ ಹಾಕಿಸಿದ್ದೂ ಆಯಿತು. ಏನೂ ಸಿಗಲಿಲ್ಲ.

ಒಂದು ಭಾನುವಾರ ಹಟ ಹಿಡಿದು ಕೂತೆ. ತೆರೆಯದ ಫೈಲಿನ ಮೇಲೆ ಬಲಗಡೆ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ ಅನ್ನುವ ಪುಟ ತೆಗೆದೆ. ಯಜಮಾನನ ಹೆಸರು ಇರಬೇಕಾದ ಕಡೆ ‘ಗುರುತಿಲ್ಲದ ಖಾತೆ’ ಅನ್ನುವ ಅರ್ಥದ ಮಾತು. ಪಕ್ಕದಲ್ಲಿ ಎಸ್-1-5-21 ಅಂತ ಶುರುವಾಗಿ ಉದ್ದಕ್ಕೆ ಹೋಗುವ ನಂಬರು. ಓದಿ ನೋಡಿದ ಮೇಲೆ ಗೊತ್ತಾಯಿತು: ಫೈಲು ಯಾರದ್ದು ಅಂತ ತೀರ್ಮಾನಿಸಲು ವಿಂಡೋಸ್ ಹೆಸರು ನೋಡುವುದೇ ಇಲ್ಲ, ಈ ನಂಬರನ್ನು ನೋಡುತ್ತದೆ. ಹಳೆಯ ವಿಂಡೋಸಿನಲ್ಲಿ ಅಪ್ಪನ ಖಾತೆಗೆ ಒಂದು ನಂಬರಿತ್ತು, ಫೈಲುಗಳೆಲ್ಲ ಅದರ ಹೆಸರಿಗಿದ್ದವು. ಹೊಸ ವಿಂಡೋಸಿನಲ್ಲೂ ಅಪ್ಪನ ಹೆಸರೇ ಇದೆ, ಅದೇ ಫೋಟೋ ಇದೆ. ನಂಬರು ಮಾತ್ರ ಬೇರೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಅನ್ನುವ ಏರ್ಪಾಡು ಇದು. ಹತ್ತಾರು ಜನ ಕೆಲಸ ಮಾಡುವ ಆಫೀಸಿನಲ್ಲಿ ಒಬ್ಬರ ಕಾಗದ ಇನ್ನೊಬ್ಬರು ಮುಟ್ಟಬಾರದು ಅಂದರೆ ಇಂಥದ್ದು ಬೇಕೇ ಬೇಕು. ಈಗ ಎರಡೇ ಜನರ ನಮ್ಮ ಮನೆಯಲ್ಲಿ ಅಪ್ಪನಿಂದ ಅಪ್ಪನನ್ನೇ ಕಾಯುತ್ತಿತ್ತು.

ಇದನ್ನು ಅಪ್ಪನಿಗೆ ಹೇಗೆ ಹೇಳುವುದು ಅಂತ ನಾನು ತಡವರಿಸುತ್ತಿದ್ದರೆ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

‘ಖಾತೇದಾರ ಸತ್ತಾನ. ಪೌತಿ ಮಾಡಿಲ್ಲ. ಅಷ್ಟ ಹೌದಿಲ್ಲೋ?’

ಅಷ್ಟೇ ಹೌದು. ಅಜ್ಜ ತೀರಿಹೋದ ಮೇಲೂ ಪಹಣಿಯಲ್ಲಿ ಅಜ್ಜನ ಹೆಸರೇ ಕೂತಿರುತ್ತದಲ್ಲ, ಮೊಮ್ಮಗ ಬ್ಯಾಂಕಿಗೆ ಹೋದರೆ ಸಾಲ ಸಿಗುವುದಿಲ್ಲವಲ್ಲ, ಹಾಗೆ. ಪೌತಿ ಖಾತೆ ಮಾಡುವ ಆಜ್ಞೆ ವಿಂಡೋಸಿನಲ್ಲೇ ಇದೆ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆರೆದು ‘ಟೇಕ್‌ಓನ್’ ಅಂತ ಕೊಟ್ಟರೆ ಯಜಮಾನಿಕೆ ನಮ್ಮ ಹೆಸರಿಗೆ ಬರುತ್ತದೆ. ಕೊಟ್ಟೆ. ಬಂತು. ಆದರೂ ಫೈಲು ತೆರೆಯಲಿಲ್ಲ. ನಾನು ಬೆಪ್ಪಾಗಿ ಕೂತೆ.

‘ಖಾತಿ ಆತು. ಕಬ್ಜಾ?’ ಅಂದ ಅಪ್ಪ, ನಲವತ್ತು ವರ್ಷದ ಅನುಭವದಲ್ಲಿ ನಗುತ್ತಾ.

ನಿಜವಾಗಿ ಅಲ್ಲೇ ತೊಡಕಿತ್ತು. ಎನ್‌ಟಿಎಫ್‌ಎಸ್‌ನಲ್ಲಿ ಯಜಮಾನನಾದವನಿಗೆ ಯಾರಿಗೆ ಅನುಮತಿ ಕೊಡಬೇಕು ಅಂತ ಬರೆಯುವ ಹಕ್ಕು ಸಿಗುತ್ತದೆ. ಓದುವ ಅನುಮತಿಯನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಅದಕ್ಕೆ ‘ಐಕ್ಯಾಕಲ್ಸ್’ ಅನ್ನುವ ಇನ್ನೊಂದು ಆಜ್ಞೆ. ಅದನ್ನೂ ಕೊಟ್ಟ ಮೇಲೆ ಫೈಲುಗಳು ಬಾಯಿಬಿಟ್ಟವು. ಒಂದು ಮಾತು: ಇದನ್ನು ನಿಮ್ಮ ಕಾಗದಪತ್ರದ ಫೋಲ್ಡರಿಗೆ ಮಾತ್ರ ಮಾಡಿ. ಇಡೀ ಸಿ ಡ್ರೈವಿಗೆ ಮಾಡಿ ಅಂತ ಹೇಳುವ ವಿಡಿಯೋಗಳಿವೆ. ಅವನ್ನು ನಂಬಿದರೆ ವಿಂಡೋಸ್ ತನ್ನ ಸ್ವಂತ ಫೈಲುಗಳನ್ನೇ ತಾನು ಕಾಯಲಾರದ ಸ್ಥಿತಿಗೆ ಬರುತ್ತದೆ.

ತೆರೆದ ಫೈಲಿನಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು ತಲೆಗೆ ಟೋಪಿ ಹಾಕಿ, ಕಾಲಿಗೆ ಬಾಲ ಕಟ್ಟಿಕೊಂಡು ಪುಟದ ತುಂಬಾ ನಿಂತಿದ್ದವು. ಅಪ್ಪನ ಮುಖ ಬಿಳಿಚಿಕೊಂಡಿತು. ಇದು ಮಾತ್ರ ನನಗೆ ಗೊತ್ತಿದ್ದ ರೋಗ. ಅಪ್ಪ ಬಳಸುತ್ತಿದ್ದ ಹಳೆಯ ನುಡಿ ಅಕ್ಷರಗಳು, ಕನ್ನಡಕ್ಕೇ ಬೇರೆ ನಂಬರಿರುವ ಯುನಿಕೋಡ್ ಅಲ್ಲ. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ನಂಬರುಗಳೇ, ಮೇಲೆ ನುಡಿ ಫಾಂಟ್ ಹೊದಿಸಿದಾಗ ಮಾತ್ರ ಕಣ್ಣಿಗೆ ಕನ್ನಡ. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರಲಿಲ್ಲ. ಹಾಕಿದೆ. ಹುಣಸಿಗಿಡದ ಹೊಲ ಎದ್ದು ಬಂತು.

ಏಪ್ರಿಲ್ ನೆಮ್ಮದಿಯಾಗಿ ಹೋಯಿತು. ಮೇ ತಿಂಗಳಲ್ಲಿ ಸಂಜೆ ಗಾಳಿ ಮಳೆ, ಕರೆಂಟು ಹೋಗುವುದು ಬರುವುದು. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಒಂದು ಸಂಜೆ ಅಪ್ಪ ಬರೆಯುತ್ತಿರುವಾಗಲೇ ಫಟ್ ಅಂತ ಹೋಯಿತು. ಕರೆಂಟು ಬಂದ ಮೇಲೆ ಅದೇ ಫೈಲು ತೆರೆಯಲು ಹೋದರೆ, ಈ ಫೈಲನ್ನು ಬೇರೊಬ್ಬರು ತಿದ್ದುತ್ತಿದ್ದಾರೆ ಅಂತ ಬಂತು. ಬೇರೊಬ್ಬರು ಅಂದರೆ ಯಾರು? ಅಪ್ಪನ ಹೆಸರೇ ಬರೆದಿತ್ತು.

‘ನಾ ಇಲ್ಲೇ ಕುಂತೀನಲ್ಲಬೇ!’

ಇದು ದೊಡ್ಡ ವಿಷಯವಲ್ಲ. ವರ್ಡ್‌ನಲ್ಲಿ ಫೈಲು ತೆರೆದಾಗ ಪಕ್ಕದಲ್ಲೇ ಹೆಚ್ಚುಕಡಿಮೆ ಅದೇ ಹೆಸರಿನ ಮರಿ ಫೈಲೊಂದು ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ಫೈಲು ಮುಚ್ಚಿದಾಗ ವರ್ಡ್ ಆ ಟವೆಲ್ ತೆಗೆಯುತ್ತದೆ. ಕರೆಂಟು ಹೋದರೆ ತೆಗೆಯಲು ಪುರಸೊತ್ತೆಲ್ಲಿ? ಅಡಗಿದ ಫೈಲುಗಳನ್ನು ತೋರಿಸು ಅಂತ ಹೇಳಿ, ಅದನ್ನು ಅಳಿಸಿದರೆ ಮುಗಿಯಿತು. ಅಳಿಸಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನೂ ಹಾಕಿಸಿದೆ.

ಇಷ್ಟಾಗುವ ಹೊತ್ತಿಗೆ ನನಗೆ ನನ್ನ ಮೇಲೆಯೇ ಅಭಿಮಾನ ಬಂದಿತ್ತು. ಗಂಜಿನಲ್ಲಿ ಪಕ್ಕದ ಅಂಗಡಿಯವರಿಗೂ ಸಲಹೆ ಕೊಡಲು ಶುರು ಮಾಡಿದ್ದೆ. ಕೆಟ್ಟದ್ದು ಅಲ್ಲೇ.

ಜೂನ್‌ನಲ್ಲಿ ಮತ್ತೆ ಫೈಲು ತೆರೆಯುತ್ತಿಲ್ಲ ಅಂದ ಅಪ್ಪ. ನಾನು ಸೀದಾ ಕಪ್ಪು ಕಿಟಕಿ ತೆರೆದು ಟೇಕ್‌ಓನ್, ಐಕ್ಯಾಕಲ್ಸ್ ಎರಡನ್ನೂ ಓಡಿಸಿದೆ. ಕಂಪ್ಯೂಟರ್ ಕಲ್ಲಾಗಿ ನಿಂತಿತು. ಒಂದೆರಡು ನಿಮಿಷ ಬಿಟ್ಟು ಉಸಿರಾಡಿತು. ಫೈಲು ತೆರೆಯಿತು. ಮರುದಿನ ಇನ್ನೊಂದು ಹಟ ಹಿಡಿಯಿತು. ಮತ್ತೆ ಅದೇ ಆಜ್ಞೆ. ಹತ್ತು ದಿನ ಹೀಗೇ ನಡೆಯಿತು. ಪ್ರತಿ ಸಲವೂ ಒಂದು ಚೌಕ ಬರುತ್ತಿತ್ತು, ಪ್ರತಿ ಸಲವೂ ನಾನು ಓಕೆ ಒತ್ತುತ್ತಿದ್ದೆ. ಆ ಚೌಕದಲ್ಲಿ ಬರೆದದ್ದು ಬದಲಾಗಿತ್ತು ಅನ್ನುವುದನ್ನು ನಾನು ನೋಡಲೇ ಇಲ್ಲ.

ಗಂಗಾವತಿಯಲ್ಲಿ ನಮ್ಮ ಚಿಕ್ಕಮ್ಮನ ಮಗನಿದ್ದಾನೆ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ರಜೆಗೆ ಬಂದಿದ್ದ. ಫೋನ್ ಮಾಡಿ ಅಳಲು ಹೇಳಿಕೊಂಡೆ.

‘ಅಕ್ಕಾ, ಏನಂತ ಬಂತು? ಒಂದಕ್ಷರ ಬಿಡದಂಗ ಓದು.’

ಓದಿದೆ. ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್. ಇನ್ನೊಂದರಲ್ಲಿ, ಫೈಲು ಕೆಟ್ಟಿದೆ, ಓದಲು ಬರುವುದಿಲ್ಲ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಅನುಮತಿ ಅನ್ನೋ ಮಾತು ಇದರಾಗ ಎಲ್ಲೈತಿ? ಕೀಲಿ ಹಾಕಿದ ಮನಿ ಬ್ಯಾರೆ, ಗ್ವಾಡಿ ಬಿದ್ದ ಮನಿ ಬ್ಯಾರೆ ಅಕ್ಕಾ. ನೀ ಗ್ವಾಡಿ ಬಿದ್ದ ಮನಿಗೆ ಹತ್ತು ದಿನದಿಂದ ಕೀಲಿಕೈ ಹುಡುಕಾಕತ್ತಿ.’

ಆಮೇಲೆ ಅವನು ಹೇಳಿದಂತೆ ಈವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ತನಗಾದ ನೋವನ್ನೆಲ್ಲ ಬರೆದಿಡುವ ದಿನಚರಿ ಅದು. ಕೆಂಪು ಗುರುತಿನ ಸಾಲುಗಳು: ಡಿಸ್ಕ್, ನಂಬರ್ 7, ಇದರಲ್ಲಿ ಬ್ಯಾಡ್ ಬ್ಲಾಕ್ ಇದೆ. ಕೆಳಗೆ ಸರಿಸುತ್ತಾ ಹೋದೆ. ಮೊದಲ ಸಾಲಿನ ತಾರೀಕು ಮಾರ್ಚಿನದು. ಅಂಗಡಿಯಿಂದ ತಂದ ದಿನ, ಆ ಹಸಿರು ಗೆರೆ ಅರ್ಧ ಗಂಟೆ ಓಡಿತ್ತಲ್ಲ, ಸರಿಯಾಗಿ ಆ ಹೊತ್ತಿನದು. ಕಂಪ್ಯೂಟರ್ ನಿಧಾನವಾದದ್ದು ಯಾಕೆ ಅಂತ ಆಗಲೇ ಯಾರಾದರೂ ಕೇಳಿದ್ದರೆ!

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಣ್ಣ ತಂತ್ರಾಂಶ ಹಾಕಿ ನೋಡಿದೆ. ಡಿಸ್ಕು ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ, ಇದು ಅದನ್ನು ತೋರಿಸುತ್ತದೆ ಅಷ್ಟೇ. ಹಳದಿ ಬಣ್ಣ. ಎರಡು ಸಾಲು ನೋಡು ಅಂದಿದ್ದ ತಮ್ಮ. ಸಿ7 ಅನ್ನುವುದು ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತುಕತೆಯಲ್ಲಿ ಆದ ತಪ್ಪುಗಳ ಎಣಿಕೆ. ಅದು ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಸಿ5 ಅನ್ನುವುದು ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು. ನಮ್ಮದರಲ್ಲಿ ಎರಡೂ ಇದ್ದವು. ಸಿ7 ಸಾವಿರ ದಾಟಿತ್ತು, ಸಿ5 ಇಪ್ಪತ್ತನಾಲ್ಕು.

ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಕಪ್ಪು ಧೂಳು, ಬೆರಳಿಗೆ ಕಾಡಿಗೆ ಹತ್ತಿದ ಹಾಗೆ ಹತ್ತಿತು. ಕಾರ್ಖಾನೆಗಳಿರುವ ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದರೆ ನಮ್ಮ ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೂ ಇದೇ ಬಣ್ಣ. ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬ್ರಶ್ಶಿನಿಂದ ಒರೆಸಿ, ಸಡಿಲವಾಗಿದ್ದ ಸಾಟಾ ಕೇಬಲ್ ಕಿತ್ತು ನೂರು ರೂಪಾಯಿಯ ಹೊಸದು ಹಾಕಿದೆ. ಸಿ7 ಅಲ್ಲಿಗೇ ನಿಂತಿತು. ಇಳಿಯಲಿಲ್ಲ, ಅದು ಇಳಿಯುವುದೂ ಇಲ್ಲ, ಕೂಡಿಸುತ್ತಾ ಹೋಗುವ ಲೆಕ್ಕ ಅದು. ಏರದಿದ್ದರೆ ಸಾಕು. ಆದರೆ ಸಿ5 ನಾಲ್ಕೇ ದಿನದಲ್ಲಿ ನಲವತ್ತಾಯಿತು.

ಅಪ್ಪ ಹಿಂದೆ ನಿಂತು ನೋಡುತ್ತಿದ್ದ. ಒಟ್ಟು ಎಷ್ಟರಲ್ಲಿ ನಲವತ್ತು ಅಂತ ಕೇಳಿದ. 1 ಟಿಬಿ ಡಿಸ್ಕಿನಲ್ಲಿ 195 ಕೋಟಿ 35 ಲಕ್ಷ 25 ಸಾವಿರದ 168 ಸೆಕ್ಟರ್ ಇರುತ್ತವೆ ಅಂದೆ.

‘ಅಂದ್ರ ಇದು ಫೂಟ್ ಖರಾಬು. ಗುಂಟೆ ಲೆಕ್ಕಕ್ಕೂ ಬರಂಗಿಲ್ಲ, ಆಣೆ ಲೆಕ್ಕಕ್ಕೂ ಬರಂಗಿಲ್ಲ.’

ಪಹಣಿ ನೋಡಿದವರಿಗೆ ಆ ಕಾಲಂ ಗೊತ್ತು. ಹೊಲದಲ್ಲಿ ಬಂಡೆ ಇರುತ್ತದೆ, ಹಳ್ಳ ಹರಿದಿರುತ್ತದೆ, ದಾರಿ ಹೋಗಿರುತ್ತದೆ. ಅಲ್ಲಿ ಬಿತ್ತಲು ಬರುವುದಿಲ್ಲ, ಹಾಗಾಗಿ ಒಟ್ಟು ಕ್ಷೇತ್ರದಿಂದ ಕಳೆದು ಬರೆಯುತ್ತಾರೆ. ಡಿಸ್ಕೂ ಅದನ್ನೇ ಮಾಡುತ್ತದೆ. ಕೆಟ್ಟ ಸೆಕ್ಟರಿಗೆ ಬದಲಾಗಿ ಮೀಸಲಿಟ್ಟ ಜಾಗದಿಂದ ಒಂದನ್ನು ಕೊಡುತ್ತದೆ. ಆದರೆ ಆ ಬದಲಾವಣೆ ಹೊಸದಾಗಿ ಬರೆಯುವಾಗ ಆಗುವುದು. ಮೊದಲೇ ಬರೆದದ್ದನ್ನು ಓದಬೇಕಾದಾಗ ಅದಕ್ಕೂ ದಾರಿಯಿಲ್ಲ, ಮತ್ತೆ ಮತ್ತೆ ತಡಕಾಡುತ್ತದೆ. ಕಂಪ್ಯೂಟರ್ ಕಲ್ಲಾಗುತ್ತಿದ್ದದ್ದು ಅದಕ್ಕೇ.

ಅಪ್ಪ ಅಡುಗೆಮನೆಯವರೆಗೂ ಹೋಗಿ ತಿರುಗಿ ಬಂದ. ‘ಖರಾಬು ಬದುವಿನ ಮ್ಯಾಲೆ ಬಿದ್ರ ಪರವಾಗಿಲ್ಲ. ಬಾವಿ ಇದ್ದಲ್ಲೇ ಬಿದ್ರ?’

ಅಂಗಡಿಯವನು ಚೆಕ್‌ಡಿಸ್ಕ್ ಓಡಿಸಿ ಅಂದಿದ್ದ, ಸ್ಲ್ಯಾಶ್ ಆರ್ ಹಾಕಿ. ತಮ್ಮ ಬೇಡ ಅಂದ. ಅದು ಪ್ರತಿ ಸೆಕ್ಟರನ್ನೂ ಮುಟ್ಟಿ ನೋಡುತ್ತದೆ, ಗಂಟೆಗಟ್ಟಲೆ. ಜೊತೆಗೆ ಫೈಲುಗಳ ಪಟ್ಟಿಯನ್ನು ತನಗೆ ಸರಿ ಕಂಡಂತೆ ತಿದ್ದುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದು ಕೊನೆಯ ಪೆಟ್ಟಾದರೂ ಆಗಬಹುದು. ‘ಹೋದ ವರ್ಷ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಏನ್ ಮಾಡಿದ್ರು? ಹರಿಯೋ ನೀರಾಗ ಸ್ಟಾಪ್‌ಲಾಗ್ ಅನ್ನೋ ಅಡ್ಡಹಲಗಿ ಇಳಿಸಿ ಮೊದಲು ನೀರು ಹಿಡಿದ್ರು. ಹೊಸ ಗೇಟಿನ ಮಾತು ಆಮ್ಯಾಲೆ’ ಅಂದ. 2024ರ ಆಗಸ್ಟ್‌ನ ಆ ವಾರ ಗಂಗಾವತಿಯವರು ಮರೆಯುವುದುಂಟಾ, ಅವರ ಭತ್ತವೆಲ್ಲ ಆ ನೀರಿನ ಮೇಲೆ.

ಹಾಗಾಗಿ ಮೊದಲು ನಕಲು. ಹೊಸ ಡಿಸ್ಕು ತಂದು, ‘ರೋಬೊಕಾಪಿ’ ಅನ್ನುವ ಆಜ್ಞೆ ಕೊಟ್ಟು ರಾತ್ರಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಗವಿಮಠದ ಜಾತ್ರೆಯ ಒಂದು ಫೋಟೋ ಹತ್ತಿರ ನಿಂತಿತ್ತು. 30 ಸೆಕೆಂಡು ಕಾಯುತ್ತಿದ್ದೇನೆ, ಮತ್ತೆ ನೋಡುತ್ತೇನೆ ಅಂತ ಬರೆದುಕೊಂಡು, ಇಡೀ ರಾತ್ರಿ ಆ ಒಂದೇ ಫೋಟೋಗೆ ಕಾದಿತ್ತು. ನಾವೇನೂ ಹೇಳದಿದ್ದರೆ ರೋಬೊಕಾಪಿ ಒಂದು ಫೈಲಿಗೆ 10 ಲಕ್ಷ ಸಲ ಪ್ರಯತ್ನ ಮಾಡುತ್ತದಂತೆ, ಸಲಕ್ಕೆ 30 ಸೆಕೆಂಡು ಬಿಟ್ಟು. ಲೆಕ್ಕ ಹಾಕಿದೆ: 3 ಕೋಟಿ ಸೆಕೆಂಡು, 347 ದಿನ. ‘ಸರ್ಕಾರಿ ನೌಕರಿಗೆ ಛಲೋ ಐತಿ’ ಅಂದ ಅಪ್ಪ. ಒಂದೇ ಸಲ ನೋಡು, ಒಂದೇ ಸೆಕೆಂಡು ಕಾಯಿ, ಆಗದಿದ್ದರೆ ಮುಂದೆ ಹೋಗು ಅಂತ ತಿದ್ದಿ ಕೊಟ್ಟೆ. ಕ್ಯಾಬಿನೆಟ್ ಬಿಚ್ಚಿಟ್ಟು, ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿದೆ. ಆ ರಾತ್ರಿ ನಾವು ಸೆಕೆಯಲ್ಲಿ ಮಲಗಿದೆವು.

ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು. ಹನ್ನೊಂದು ಫೈಲು ಬರಲಿಲ್ಲ. ಒಂಬತ್ತು ಫೋಟೋ, ಎರಡು ಅಪ್ಪನವು.

ಉಳಿದದ್ದೆಲ್ಲ ಕೈಸೇರಿದ ಮೇಲೆ ಹಳೆಯ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಬಿಟ್ಟೆ. ಈಗ ಹೋದರೆ ಹೋಗಲಿ ಅಂತ. ಅಪ್ಪನ ಎರಡರಲ್ಲಿ ಒಂದು ಪೂರ್ತಿ ಹೋಯಿತು. ಇನ್ನೊಂದು ತೂತು ಬಿದ್ದು ಬಂತು, ವರ್ಡ್ ಅದನ್ನು ತೆರೆಯಲು ಒಪ್ಪಲಿಲ್ಲ. ವರ್ಡ್‌ನಲ್ಲೇ, ಯಾವುದೇ ಫೈಲಿನಿಂದ ಬರೀ ಅಕ್ಷರ ಹೆಕ್ಕುವ ಒಂದು ಆಯ್ಕೆ ಇದೆ, ತೆರೆಯುವ ಕಿಟಕಿಯ ಮೂಲೆಯಲ್ಲಿ. ಅದನ್ನು ಕೊಟ್ಟಾಗ ಪುಟದ ತುಂಬಾ ಮತ್ತೆ ಟೋಪಿ ಬಾಲದ ಇಂಗ್ಲಿಷ್ ಅಕ್ಷರಗಳು ಬಂದವು, ನಡುನಡುವೆ ಚೌಕ ಚೌಕ ಕಸ. ಯಾರಾದರೂ ನೋಡಿದರೆ ಎಲ್ಲವೂ ಕಸವೇ. ಎಲ್ಲಾ ಆಯ್ದು ನುಡಿ ಫಾಂಟ್ ಕೊಟ್ಟೆ. ಕಸ ಕಸವಾಗಿಯೇ ಉಳಿಯಿತು. ಅದರ ನಡುವೆ ಸಾಲು ಸಾಲಾಗಿ ಕಣದ ಮಸಾರಿ, ಜಾಲಿಗಿಡದ ಪಟ್ಟಿ, ಸಾಲಕ್ಕ ಹೋದ ಹೊಲ. ಅಪ್ಪ ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಂತ.

‘ಅರವತ್ತೊಂದರಿಂದ ತೊಂಬತ್ನಾಕು ಇಲ್ಲ.’

ಮೂವತ್ತನಾಲ್ಕು ಸರ್ವೆ ನಂಬರ್. ಬಾವಿ ಇದ್ದ ಜಾಗ ಅಲ್ಲವಂತೆ, ನಡುವಿನ ಹೊಲಗಳು. ಅಪ್ಪ ಹಳೆಯ ಡೈರಿ ತೆಗೆದು ಆ ಊರಿನ ವಾಲೀಕಾರನ (ಗ್ರಾಮ ಸಹಾಯಕನ) ನಂಬರ್ ಹುಡುಕಿದ. ಪೂರ್ತಿ ಹೋದ ಊರಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ ಅಂದ. ಎರಡು ಸಲ ಹೋಗಿಬಂದಿದ್ದಾನೆ, ಇನ್ನೂ ಮುಗಿದಿಲ್ಲ.

ಹೋದ ವಾರ ಗಂಜಿನಲ್ಲಿ ಮೆಕ್ಕೆಜೋಳದ ಟೆಂಡರ್ ಗದ್ದಲ, ಎರಡೂ ಕೈ ತುಂಬಾ ಕೆಲಸ. ಅಪ್ಪನ ಫೋನ್ ಬಂತು. ಮತ್ತೆ ಚೌಕ ಬಂದಿದೆಯಂತೆ. ಎದೆ ಧಸಕ್ ಅಂತು. ಆಮೇಲೆ ಮಾಡುತ್ತೇನೆ ಅಂದರೆ ಕೇಳಲಿಲ್ಲ, ಓದಲು ಶುರು ಮಾಡಿದ. ಮೇಲಿನ ಪಟ್ಟಿಯಲ್ಲಿ ಬರೆದದ್ದು, ನಡುವಿನದ್ದು, ಹಳದಿ ಗುರುತು, ಕೆಳಗೆ ಎರಡು ಬಟನ್ ಇವೆ ಅನ್ನುವುದು, ಎಡಗಡೆಯದು ಯಾವುದು, ಬಲಗಡೆಯದು ಯಾವುದು. ಚೀಲದ ಲೆಕ್ಕ ಬಿಟ್ಟು ನಾನು ಕಿವಿಗೊಟ್ಟು ಕೇಳಿದೆ. ಪ್ರಿಂಟರಿನಲ್ಲಿ ಹಾಳೆ ಖಾಲಿಯಾಗಿತ್ತು.

‘ಹಾಳಿ ಹಾಕಿ ಓಕೆ ಒತ್ತಲೇನಬೇ?’ ಅಂತ ಕೇಳಿದ.